ಅಂಕಿ ಮಾತ್ರ ಕೇಳಿಸುತ್ತಿದ್ದ ಮಳೆಗಾಲ

ನಲ್ಲಿಯಲ್ಲಿ ನೀರು ಬರುವುದಕ್ಕೆ ಮೊದಲು ಗಾಳಿ ಬರುತ್ತದೆ. ಸುಯ್ ಎಂದು ಒಂದು ಸದ್ದು, ಆಮೇಲೆ ಯಾರೋ ಕೆಮ್ಮಿದ ಹಾಗೆ, ಆಮೇಲೆ ಒಂದಿಷ್ಟು ಕೆಂಪು ನೀರು. ಮೊನ್ನೆ ಬೆಳಿಗ್ಗೆ ಮಧುಗಿರಿಯ ನಮ್ಮ ಮನೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಹಿತ್ತಲಿನ ನಲ್ಲಿ ಹೀಗೇ ಸುಯ್ಯೆಂದಿತು. ಬೇರೆಯವರಾದರೆ ಕೊಡ ಹಿಡಿದು ಓಡುತ್ತಾರೆ. ನನ್ನ ಕೈಯಲ್ಲಿದ್ದ ಕಡ್ಡಿ ಹಾಗೇ ಉಳಿಯಿತು. ನಮ್ಮವರು ಸ್ನಾನಕ್ಕೆ ಹೊರಟವರು ಬಾಗಿಲಲ್ಲಿ ನಿಂತು ನೋಡಿ, 'ಮತ್ತೆ ಅದೇನಾ' ಎಂದರು. ಅದೇ. ಕೊರೊನಾ ಕಳೆದ ಮೇಲೆ ನಮ್ಮ ಬಯಲುಸೀಮೆಗೆ ಬಂತಲ್ಲ, ಒಣಗಿ ಮೈದಾನವಾಗಿದ್ದ ಕೆರೆಗಳೆಲ್ಲ ತುಂಬಿದ ಆ ಮಳೆಗಾಲ.

ನಡೆದ ಊರಿನ ಹೆಸರು ಬರೆಯುವುದಿಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ನಡುವೆ ಎಲ್ಲೋ ಇರುವ ಒಂದು ಸಣ್ಣ ಊರು ಎಂದುಕೊಳ್ಳಿ. ಅಲ್ಲಿನ ಪಟ್ಟಣ ಪಂಚಾಯಿತಿ ಕಚೇರಿಯವರು ಕೆಟ್ಟವರಲ್ಲ. ಇವತ್ತು ಹೋದರೂ ಕುರ್ಚಿ ಒರೆಸಿ ಕೂರಿಸುತ್ತಾರೆ.

ಆ ಊರಿನಲ್ಲಿ ನಮ್ಮವರ ತಂಗಿ ಗಿರಿಜಾ ಇದ್ದಳು. ಅವಳಿಗೆ ಕಣ್ಣಿನ ನರ ಒಣಗುತ್ತಾ ಹೋಗುವ ಕಾಯಿಲೆ. ಮೊದಲು ಕತ್ತಲಾದರೆ ಕಾಣಿಸುತ್ತಿರಲಿಲ್ಲ, ಆಮೇಲೆ ಅಕ್ಕಪಕ್ಕದ್ದು ಹೋಯಿತು, ನಲವತ್ತರ ಹೊತ್ತಿಗೆ ಬೆಳಕು ಬಂತು ಹೋಯಿತು ಎನ್ನುವಷ್ಟೇ ಉಳಿಯಿತು. ಅದಾದ ಮೇಲೆ ಗಂಡನೂ ತೀರಿಕೊಂಡರು. ಮಕ್ಕಳಿಲ್ಲ. ಗಂಡ ಕಟ್ಟಿಸಿದ ಎರಡು ಕೋಣೆಯ ಮನೆ, ಕೆರೆ ಏರಿಯ ಕೆಳಗಿನ ಬೀದಿಯಲ್ಲಿ. ಅಲ್ಲೇ ಒಬ್ಬಳೇ ಇದ್ದುಕೊಂಡು, ಗೌಡಗೆರೆ ಕಡೆಯಿಂದ ಕಡ್ಲೆಕಾಯಿ ಬೀಜ ತರಿಸಿ ಚಟ್ನಿಪುಡಿ ಮಾಡಿ ಮಾರುತ್ತಿದ್ದಳು. ಅವಳ ಮನೆಗೆ ಹೋದವರು ವಾಪಸ್ ಬಂದರೆ ಸೀರೆ ಸೆರಗೆಲ್ಲ ಹುರಿದ ಬೀಜದ ವಾಸನೆ.

ಅವಳು ಒಂಟಿಯಾಗಿರುವುದು ನಮ್ಮವರಿಗೆ ಸುತರಾಂ ಇಷ್ಟವಿರಲಿಲ್ಲ. ಅಣ್ಣ ತಂಗಿ ಇಬ್ಬರೂ ಹಟದವರು. ಎರಡು ವರ್ಷ ಜಗ್ಗಾಡಿ ಕೊನೆಗೆ ಇವರು ಒಂದು ಮಾತಿಗೆ ಬಂದರು. "ಇರು. ಆದ್ರೆ ಒಂದೇ ಒಂದು ಸಲ ಏನಾದ್ರೂ ಹೆಚ್ಚುಕಡಿಮೆ ಆಯ್ತೋ, ಮನೆಗೆ ಬೀಗ ಹಾಕಿ ಕರ್ಕೊಂಡು ಬಂದುಬಿಡ್ತೀನಿ. ಆಗ ಎದುರುಮಾತು ಆಡಬಾರದು." ಗಿರಿಜಾ ಆಗಲಿ ಎಂದಳು. ಆ ಒಂದು ಸಲ ಯಾವಾಗ ಬಂದುಬಿಡುತ್ತೋ ಎಂದು ಉಸಿರು ಹಿಡಿದು ಕೂತವಳು ನಾನು. ಅವಳು ಬರುವುದು ನನಗೆ ಬೇಡವೆಂದಲ್ಲ. ನಮ್ಮ ಮನೆಯ ನಡುಮನೆಯಲ್ಲಿ ಕೈ ಮಡಿಚಿ ಕೂತ ಗಿರಿಜಾಳನ್ನು ನೆನೆಸಿಕೊಂಡರೇ ನನಗೆ ಸಂಕಟವಾಗುತ್ತಿತ್ತು.

ಆ ಊರಿನಲ್ಲಿ ಹಿಂದೆಲ್ಲ ಏನಿದ್ದರೂ ಮೈಕ್ ಕಟ್ಟಿದ ಆಟೋ ಬಂದು ಕೂಗಿ ಹೋಗುತ್ತಿತ್ತು. ಯಾವ ಬೀದಿಗೆ ಯಾವಾಗ ನೀರು, ಯಾವತ್ತು ಕರೆಂಟ್ ತೆಗೆಯುತ್ತಾರೆ, ಎಲ್ಲಾ. ಆ ವರ್ಷ ಯುಗಾದಿಯಾದ ಮೇಲೆ ಆಟೋ ನಿಂತಿತು. ಊರಿಗೇ ಒಂದು ವೆಬ್‌ಸೈಟು, ಒಂದು ಆ್ಯಪು ಬಂದವು. ಇನ್ನು ಮೇಲೆ ಎಲ್ಲಾ ಫೋನಿನಲ್ಲೇ ಬರುತ್ತೆ ಎಂದರು.

ಗಿರಿಜಾ ಮೊದಲು ಖುಷಿಪಟ್ಟಳು. ಅವಳ ಫೋನು ಮಾತಾಡುವ ಫೋನು. ಅದೇನು ಬೇರೆ ಜಾತಿಯ ಫೋನಲ್ಲ. ನಿಮ್ಮ ಫೋನಿನಲ್ಲೂ ನನ್ನ ಫೋನಿನಲ್ಲೂ ಒಳಗೆ ಇರುವ ಸೌಲಭ್ಯವೇ, ಚಾಲೂ ಮಾಡಿಕೊಂಡರೆ ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದುತ್ತದೆ. ತುಮಕೂರಿಗೆ ತರಬೇತಿಗೆ ಹೋಗಿ ಅದನ್ನು ಕಲಿತು ಬಂದವಳು, ಬೀದಿಯವರನ್ನೆಲ್ಲ ಕರೆದು ತೋರಿಸಿದ್ದಳು. ಪಕ್ಕದ ಮನೆಯ ಹಸೀನಾ ಕೇಳಿಸಿಕೊಂಡು, ನಮ್ಮ ಮನೇವ್ರಿಗಿಂತ ಇದೇ ಜಾಸ್ತಿ ಮಾತಾಡ್ತದೆ ಎಂದು ನಕ್ಕಿದ್ದಳಂತೆ. ಅದುವರೆಗೆ ಗೋಡೆಯ ಮೇಲಿಂದ ಕೂಗಿ ಸುದ್ದಿ ಹೇಳುತ್ತಿದ್ದ ಹಸೀನಾ, ಅಂದಿನಿಂದ ಕೂಗುವುದನ್ನು ಬಿಟ್ಟಳು. ಗಿರಿಜಕ್ಕನಿಗೆ ಫೋನೇ ಹೇಳುತ್ತಲ್ಲ.

ಆದರೆ ಊರಿನ ಆ್ಯಪ್ ತೆರೆದರೆ ಫೋನ್ 'ಚಿತ್ರ' ಎನ್ನುತ್ತಿತ್ತು. ಬೆರಳು ಸರಿಸಿದರೆ ಮತ್ತೆ 'ಚಿತ್ರ'. ಇನ್ನೊಮ್ಮೆ ಸರಿಸಿದರೆ 'ಚಿತ್ರ'. ಅಷ್ಟೇ.

ನಾನೂ ಅವಳೂ ಕಚೇರಿಗೆ ಹೋದೆವು. ನನಗೆ ಕಚೇರಿಗಳೆಂದರೆ ಮೊದಲಿಂದಲೂ ಭಯ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬಾಗಿಲು ಹೇಗೆ ತಟ್ಟಬೇಕು, ಒಳಗೆ ಬರಲೇ ಎಂದು ಹೇಗೆ ಕೇಳಬೇಕು ಎಲ್ಲಾ ಕಲಿಸಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿರುವ ಕೋಣೆಯಲ್ಲಿ ನಮ್ಮ ಮಾತು ಎಲ್ಲಿಂದ ಶುರುಮಾಡುವುದು ಎನ್ನುವುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಗಿರಿಜಾಳೇ ಕೋಲು ತಟ್ಟಿಕೊಂಡು ಮುಂದೆ ಹೋದಳು.

ಕಂಪ್ಯೂಟರ್ ನೋಡಿಕೊಳ್ಳುವವನು ಮಂಜುನಾಥ. ಮೂವತ್ತರ ಒಳಗಿನವನು, ಮೇಜಿನ ಮೇಲೆ ಗಾಜಿನ ಕೆಳಗೆ ಮಗಳ ಫೋಟೋ. ಪ್ರಕಟಣೆಯನ್ನು ಟೈಪ್ ಮಾಡಿ, ಪ್ರಿಂಟ್ ತೆಗೆದು, ಮುಖ್ಯಾಧಿಕಾರಿಯವರಿಂದ ಸಹಿ ಸೀಲು ಹಾಕಿಸಿ, ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದು, ಸುತ್ತ ಹೂವಿನ ಅಂಚು ಕೂರಿಸಿ ಆ್ಯಪಿಗೆ ಹಾಕುತ್ತಿದ್ದ. ಒಂದೊಂದಕ್ಕೂ ಒಂದೊಂದು ಹೂವು. ಹೆಮ್ಮೆಯಿಂದ ನನಗೆ ತೋರಿಸಿದ. ನಿಜಕ್ಕೂ ಚೆನ್ನಾಗಿತ್ತು, ಮದುವೆಯ ಕರೆಯೋಲೆಯ ಹಾಗೆ. ಫೋನಿನ ಯಂತ್ರಕ್ಕೆ ಫೋಟೋದೊಳಗಿನ ಅಕ್ಷರ ಓದಲು ಬರುವುದಿಲ್ಲ ಎಂದು ಗಿರಿಜಾ ತಿಳಿಸಿ ಹೇಳಿದಳು.

"ಯಾರಾನಾ ಓದಿ ಹೇಳ್ತಾರೆ ಬುಡಿ ಅಮ್ಮಾ, ಬೀದಿ ತುಂಬಾ ಜನ ಅವ್ರೆ" ಎಂದ.

"ಯಾರೂ ಇಲ್ದೇ ಇರೋವಾಗ್ಲೂ ನಾನು ಇರ್ತೀನಲ್ಲ ಮಂಜಣ್ಣ" ಎಂದಳು ಗಿರಿಜಾ.

ಹೊಸದಾಗಿ ಬಂದಿದ್ದ ಮುಖ್ಯಾಧಿಕಾರಿ ಮೇಡಂ ತಮ್ಮ ಕೋಣೆಯಿಂದಲೇ ಇದನ್ನು ಕೇಳಿಸಿಕೊಂಡಿದ್ದರು. ಕರೆದು ಕೂರಿಸಿ, ಇನ್ನು ಮೇಲೆ ಫೋಟೋ ಬೇಡ, ಟೈಪ್ ಮಾಡಿದ್ದನ್ನೇ ನೇರವಾಗಿ ಹಾಕಲಿ ಎಂದರು. ಬಸ್ಸಿನಲ್ಲಿ ಬರುವಾಗ ನನಗೆ ಎಷ್ಟೋ ದಿನದ ಮೇಲೆ ಸಣ್ಣ ನಿದ್ದೆ ಬಂತು.

ಮುಂದಿನ ವಾರ ಗಿರಿಜಾ ಹಸೀನಾಳ ಫೋನಿನಿಂದ ಕರೆ ಮಾಡಿದಳು. ಈಗ 'ಚಿತ್ರ' ಎನ್ನುವುದು ನಿಂತಿದೆ, ಆದರೆ ಓದುವುದು ಕನ್ನಡವಲ್ಲ. ತನ್ನ ಫೋನನ್ನು ಅದರ ಹತ್ತಿರ ಹಿಡಿದು ನನಗೆ ಕೇಳಿಸಿದಳು. ಎ, ಡಿ, ಪರ್ಸೆಂಟ್, ಟಿ, ಸ್ಲ್ಯಾಷ್, ಮತ್ತೆ ಟಿ. ಒಂದೇ ಸಮನೆ, ಜ್ವರ ಬಂದ ಮಗು ಬಡಬಡಿಸಿದ ಹಾಗೆ. ನಾನು ಅದೇ ಪ್ರಕಟಣೆಯನ್ನು ನನ್ನ ಫೋನಿನಲ್ಲಿ ತೆಗೆದು ನೋಡಿದೆ. ಅಚ್ಚ ಕನ್ನಡ, ಒತ್ತಕ್ಷರ ದೀರ್ಘ ಎಲ್ಲಾ ಸರಿಯಾಗಿ. ಮಂಜುನಾಥನಿಗೆ ಫೋನ್ ಮಾಡಿದರೆ, ನಿಮ್ಮ ಕಣ್ಣಿಗೆ ಏನು ಕಾಣ್ತದೆ ಹೇಳಿ ಮೇಡಂ, ಕನ್ನಡ ತಾನೇ, ಹಂಗಾದ್ರೆ ಅವರ ಫೋನೇ ಕೆಟ್ಟೈತೆ ಎಂದ. ನಾನೂ ಹಾಗೇ ಅಂದುಕೊಂಡೆ. ಇನ್ನೇನು ಅಂದುಕೊಳ್ಳಲಿ.

ಗಿರಿಜಾ ಅಷ್ಟಕ್ಕೆ ಸೋಲುವವಳಲ್ಲ. ಆ ಬಡಬಡಿಕೆಯ ನಡುವೆ ಅಂಕಿಗಳು ಮಾತ್ರ ಸ್ಪಷ್ಟವಾಗಿ ಕೇಳುತ್ತವೆ ಎಂದು ಕಂಡುಕೊಂಡಳು. ನೈನ್. ಟೂ. ಒಂಬತ್ತು ಎಂದರೆ ಅವಳ ವಾರ್ಡು, ಎರಡು ಎಂದರೆ ಎರಡು ಗಂಟೆಗೆ ನೀರು. ಆ್ಯಪಿಗೆ ಬರುತ್ತಿದ್ದುದು ಮುಕ್ಕಾಲು ಪಾಲು ನೀರಿನ ಸಮಾಚಾರವೇ. "ಅಂಕಿ ಸಾಕು ಅತ್ತಿಗೆ. ಕೊಡ ತುಂಬಿಸ್ಕೊಳ್ಳೋಕೆ ವ್ಯಾಕರಣ ಯಾಕೆ" ಎಂದಳು. ಹೇಳಿದ ಹೊತ್ತಿಗೆ ಸರಿಯಾಗಿ ನೀರು ಬರುತ್ತಿತ್ತು. ಹಸೀನಾ ಕೂಡ, ಗಿರಿಜಕ್ಕ ನಮಗಿಂತ ಮೊದಲೇ ಕೊಡ ಇಟ್ಟಿರ್ತಾರೆ ಎನ್ನುತ್ತಿದ್ದಳು. ನಮ್ಮವರ ಕಿವಿಗೆ ಈ ಅಂಕಿಯ ವಿಷಯ ಹಾಕುವುದು ಬೇಡ ಎಂದು ನಾವಿಬ್ಬರೂ ಸುಮ್ಮನಿದ್ದೆವು.

ಆಮೇಲೆ ಮಳೆ ಹಿಡಿಯಿತು.

ನಮ್ಮ ಕಡೆ ಮಳೆ ಸಾಕು ಎಂದವರನ್ನು ಯಾರೂ ಮನೆಯೊಳಗೆ ಸೇರಿಸುವುದಿಲ್ಲ. ಅಷ್ಟು ಬರದ ನಾಡು. ಹಾಗಾಗಿ ಎಲ್ಲರೂ ನಗುತ್ತಿದ್ದರು, ನಾನೊಬ್ಬಳು ನಗಲಾಗದೆ ಅಡುಗೆಮನೆಯಲ್ಲಿದ್ದೆ. ಉಪ್ಪಿನ ಜಾಡಿಯಲ್ಲಿ ನೀರು ಒಡೆಯಿತು. ಬೆಂಕಿಕಡ್ಡಿ ಗೀರಿದರೆ ತಲೆ ಉದುರುತ್ತಿತ್ತು. ನಮ್ಮ ಬೆಟ್ಟದ ಬೋಳು ಬಂಡೆಯ ಮೇಲಿಂದ ನೀರು ಬಿಳೀ ಗೆರೆಗಳಾಗಿ ಇಳಿಯುವುದನ್ನು ನೋಡಲು ಮಹಡಿ ಮೇಲೆಲ್ಲ ಜನ. ನಮ್ಮ ನದಿ ಜಯಮಂಗಲಿ ಸೇತುವೆಯ ಮೇಲೆ ಹರಿಯುತ್ತಿದ್ದಾಳಂತೆ, ಆ ಕೆರೆ ಕೋಡಿ ಬಿತ್ತಂತೆ, ಈ ಕೆರೆ ಕೋಡಿ ಬಿತ್ತಂತೆ. ಕೋಡಿ ನೋಡಲು ಬೈಕುಗಳಲ್ಲಿ ಹೋಗಿ ಬೋಂಡಾ ತಿಂದು ಬರುವರು. ಗಿರಿಜಾಳ ಊರಿನ ಕೆರೆಯೂ ತುಂಬುತ್ತಾ ಬಂತು. ಅವಳು ಫೋನಿನಲ್ಲಿ, ಏರಿ ಕಡೆಯಿಂದ ಕಪ್ಪೆ ಕೂಗು ಕೇಳುತ್ತೆ ಅತ್ತಿಗೆ, ಚಿಕ್ಕವಳಾಗಿದ್ದಾಗ ಕೇಳಿದ್ದು ಎಂದು ಸಂತೋಷಪಡುತ್ತಿದ್ದಳು. ನಾನು ದಿನಕ್ಕೆ ನಾಲ್ಕು ಸಲ ಅವಳ ಊರಿನ ಆ್ಯಪ್ ತೆಗೆದು ನೋಡುತ್ತಿದ್ದೆ. ನಮ್ಮ ಊರಿನದ್ದನ್ನು ನೋಡಿದ್ದೇ ಇಲ್ಲ.

ಅವತ್ತು ಬುಧವಾರ. ಕುಕ್ಕರ್ ಇಟ್ಟು, ಮಧ್ಯಾಹ್ನ ಒಂದೂವರೆಗೆ ಆ್ಯಪ್ ತೆಗೆದೆ. ಬೆಳಿಗ್ಗೆ ನಾನು ನೋಡಿದ ಮೇಲೆ ಒಂದು ಪ್ರಕಟಣೆ ಬಂದಿತ್ತು. ಕೆರೆಯ ಏರಿಯಲ್ಲಿ ನೀರು ಜಿನುಗುತ್ತಿರುವ ಕಾರಣ ವಾರ್ಡ್ 9ರ ನಿವಾಸಿಗಳು ಮಧ್ಯಾಹ್ನ 2 ಗಂಟೆಯೊಳಗಾಗಿ ಮನೆ ಬಿಟ್ಟು ಸರ್ಕಾರಿ ಶಾಲೆಗೆ ಬರತಕ್ಕದ್ದು.

ಓದಿದ ಕೂಡಲೇ ಸಮಾಧಾನವೇ ಆಯಿತು. ಸದ್ಯ, ಮೊದಲೇ ತಿಳಿಸಿದ್ದಾರೆ, ಬೀದಿಯವರ ಜೊತೆ ಗಿರಿಜಾಳೂ ಹೋಗಿರುತ್ತಾಳೆ ಎಂದುಕೊಂಡೆ. ಕುಕ್ಕರ್ ಒಂದು ಸಲ ಕೂಗಿತು. ಆಗ ಅವಳ ಫೋನಿನ ದನಿ ನನ್ನ ತಲೆಯೊಳಗೆ ಓದಿತು. ಎ, ಡಿ, ಪರ್ಸೆಂಟ್. ನೈನ್. ಟಿ, ಸ್ಲ್ಯಾಷ್. ಟೂ.

ಅವಳಿಗೆ ಇದು ಎರಡು ಗಂಟೆಗೆ ನೀರು ಬರುತ್ತೆ ಎಂದೇ ಕೇಳಿಸಿರುತ್ತದೆ.

ಅವಳಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದಿಂದ ಹೊರಗೆ ಎಂದಿತು. ಮತ್ತೆ ಮಾಡಿದೆ, ಅದೇ. ಹಸೀನಾಳದ್ದೂ ಅದೇ. ಕರೆಂಟ್ ಹೋಗಿ ಅಲ್ಲಿನ ಟವರ್ ಸತ್ತಿತ್ತೆಂದು ಆಮೇಲೆ ತಿಳಿಯಿತು. ಅಂಗಡಿಯಲ್ಲಿದ್ದ ಇವರಿಗೆ ಫೋನ್ ಮಾಡಿ ಹೇಳಿದೆ. ಅಲ್ಲಿಂದಲೇ ಪಕ್ಕದ ಅಂಗಡಿಯವರ ಜೀಪು ತೆಗೆದುಕೊಂಡು ಹೊರಟರು, ರಸ್ತೆ ಇದೆಯೋ ಇಲ್ಲವೋ ಗೊತ್ತಿಲ್ಲ. ನಾನು ಕೊನೆಗೆ ಕಚೇರಿಯ ಲ್ಯಾಂಡ್‌ಲೈನಿಗೆ ಹಚ್ಚಿದೆ. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಮಂಜುನಾಥನೇ ಎತ್ತಿದ.

"ಗಿರಿಜಾ ಮನೇಲೇ ಇದಾಳೆ ಮಂಜಣ್ಣ."

"ಇಲ್ಲ ಬುಡಿ ಮೇಡಂ, ಆ ಬೀದಿ ಎಲ್ಲಾ ಖಾಲಿ ಆಗೈತೆ. ಬೆಳಿಗ್ಗೇನೇ ಹಾಕ್ದೆ, ನಾನೇ ಟೈಪ್ ಮಾಡಿದ್ದು. ಅವ್ರ ಫೋನ್ ಮಾತಾಡ್ತದಲ್ಲ."

"ಅವಳಿಗೆ ಒಂಬತ್ತು, ಎರಡು, ಅಷ್ಟೇ ಕೇಳಿಸೋದು. ನೀರು ಬರುತ್ತೆ ಅಂತ ನಲ್ಲಿ ಹತ್ರ ಕೂತಿರ್ತಾಳೆ."

ಆ ಕಡೆ ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ರಿಸೀವರನ್ನು ಅವನು ಇಡಲೂ ಇಲ್ಲ. ಯಾರೂ ಇಲ್ಲದ ಆ ಕಚೇರಿಯ ಮಳೆಯ ಸದ್ದನ್ನು ನಾನು ಇಲ್ಲಿ ಕೂತು ಕೇಳುತ್ತಾ ಇದ್ದೆ. ಇಟ್ಟರೆ ಏನೋ ಆಗಿಬಿಡುತ್ತೆ ಅನಿಸಿ ನಾನೂ ಫೋನ್ ಇಡಲಿಲ್ಲ. ಅನ್ನ ತಳ ಹಿಡಿದ ವಾಸನೆ ಬಂದಾಗಲೂ ಎದ್ದು ಹೋಗಲಿಲ್ಲ.

ನಡೆದದ್ದನ್ನು ಆಮೇಲೆ ಅವರವರ ಬಾಯಿಂದ ಕೇಳಿ ಜೋಡಿಸಿಕೊಂಡೆ. ಗಿರಿಜಾ ಹಿತ್ತಲಿನ ತಗಡಿನ ಮಾಡಿನ ಕೆಳಗೆ ಕೊಡಗಳನ್ನು ಸಾಲಾಗಿಟ್ಟು ನಲ್ಲಿ ತಿರುಗಿಸಿ ಕೂತಿದ್ದಳು. ಮಳೆ ತಗಡಿಗೆ ಹೊಡೆಯುವ ಸದ್ದಿನಲ್ಲಿ ಹಸೀನಾ ಬಾಗಿಲು ಬಡಿದದ್ದು ಕೇಳಿಸಿರಲಿಲ್ಲ. ಬಾಗಿಲು ತೆಗೆಯದ್ದಕ್ಕೆ, ಗಿರಿಜಕ್ಕ ಎಂದಿನ ಹಾಗೆ ನಮಗಿಂತ ಮೊದಲೇ ಹೊರಟಿದ್ದಾರೆ ಎಂದುಕೊಂಡು ಹಸೀನಾ ಮಕ್ಕಳನ್ನು ಎತ್ತಿಕೊಂಡು ಶಾಲೆಗೆ ಹೋದಳು. ಎರಡು ಗಂಟೆಯ ಹೊತ್ತಿಗೆ ಕೆರೆಯ ಕೋಡಿ ಹಳ್ಳ ಉಕ್ಕಿ ಬೀದಿಗೆ ಬಂತು. ಗಿರಿಜಾಳಿಗೆ ನೀರಿನ ಸದ್ದು ಕೇಳಿಸಿದೆ. ಅವಳು ಅದನ್ನು, ಪಕ್ಕದ ಮನೆಗಳಿಗೆ ನೀರು ಬಂತು, ನಮ್ಮ ನಲ್ಲಿಗೆ ಯಾಕೋ ಇನ್ನೂ ಬರಲಿಲ್ಲ ಎಂದುಕೊಂಡಳು. ನಲ್ಲಿಯ ಬಾಯಿಗೆ ಕೈಯಿಟ್ಟು ನೋಡಿದಳು, ಸುಯ್ಯೆನ್ನುವ ಗಾಳಿ. ಇನ್ನೇನು ಬಂತು ಎಂದು ಹಾಗೇ ಕಾದಳು. ಪಾದಕ್ಕೆ ನೀರು ತಗುಲಿದಾಗ, ಕೊಡ ತುಂಬಿ ಹರಿಯಿತೇ ಎಂದು ಕೊಡವನ್ನು ಮುಟ್ಟಿದಳಂತೆ. ಕೊಡ ಖಾಲಿ ಇತ್ತು.

ಇದನ್ನು ಅವಳು ಹೇಳುವಾಗ ದನಿ ಒಂದಿಷ್ಟೂ ನಡುಗಲಿಲ್ಲ. ಕೇಳುತ್ತಿದ್ದ ನಾನು ಎದ್ದು ಒಳಗೆ ಹೋದೆ.

ಮಂಜುನಾಥ ಹಿಂದಿನ ಗೋಡೆ ಹತ್ತಿ ಇಳಿದು ಅವಳನ್ನು ಕೈಹಿಡಿದು ಕರೆದುಕೊಂಡು ಬಂದ. ಬೀದಿಯಲ್ಲಿ ಮಂಡಿಯವರೆಗೆ ನೀರು. ಏರಿ ಒಡೆಯಲಿಲ್ಲ, ಮರಳು ಮೂಟೆ ಹಾಕಿ ನಿಲ್ಲಿಸಿದರು. ನಮ್ಮವರು ಸುತ್ತುಬಳಸಿ ತಲುಪುವ ಹೊತ್ತಿಗೆ ಅವಳು ಶಾಲೆಯ ಜಗಲಿಯಲ್ಲಿ ಹಸೀನಾಳ ಚಾದರ ಹೊದ್ದು ಕೂತಿದ್ದಳು. ಅಣ್ಣನ ಚಪ್ಪಲಿಯ ಸದ್ದು ಕೇಳಿದ್ದೇ, "ಬೀಗ ತಂದಿದೀಯಾ" ಎಂದು ಕೇಳಿದಳಂತೆ.

ಮನೆಗೆ ಬೀಗ ಬಿತ್ತು. ಗಿರಿಜಾ ನಮ್ಮಲ್ಲಿಗೆ ಬಂದಳು.

ಕೊಟ್ಟ ಮಾತಿನಂತೆ ಎದುರುಮಾತು ಆಡಲಿಲ್ಲ. ಕರೆದರೆ ಊಟಕ್ಕೆ ಬರುವಳು, ಹೇಳಿದರೆ ಸೋಫಾದ ಮೇಲೆ ಕೂರುವಳು. ನಮ್ಮ ಅಡುಗೆಮನೆಯ ಡಬ್ಬಗಳನ್ನು ಒಂದು ಸಲ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಫೋನಿನ ಆ ಮಾತಾಡುವ ಸೌಲಭ್ಯವನ್ನು ಆರಿಸಿಬಿಟ್ಟಿದ್ದಳು. ಸುಮ್ಮನಿರುವ ಫೋನು ಅವಳ ಮಡಿಲಲ್ಲಿ ಕಲ್ಲಿನ ಹಾಗೆ ಬಿದ್ದಿರುತ್ತಿತ್ತು. ಇವರು ಪ್ರೀತಿಯಿಂದ ಹಣ್ಣು ತರುವರು, ರೇಡಿಯೋ ತಂದುಕೊಟ್ಟರು. ಮಳೆ ಮಾತ್ರ ಇನ್ನೂ ಸುರಿಯುತ್ತಲೇ ಇತ್ತು. ಅವಳು ಈಗ ಸುರಕ್ಷಿತವಾಗಿ ನನ್ನ ಕಣ್ಣೆದುರಿಗೇ ಇದ್ದಳು, ಆದರೂ ನನ್ನ ದಿಗಿಲು ಹೋಗಲಿಲ್ಲ.

ನಾನು ಒಬ್ಬಳೇ ಮುಖ್ಯಾಧಿಕಾರಿ ಮೇಡಮ್ಮಿಗೆ ಫೋನ್ ಮಾಡಿದೆ. ಅವರು ಗಿರಿಜಾಳನ್ನು ಫೋನಿನ ಸಮೇತ ಕರೆದುಕೊಂಡು ಬನ್ನಿ ಎಂದರು. ಅವಳು ಬರಲು ಒಪ್ಪಿದ್ದೇ ದೊಡ್ಡದು. ಕಚೇರಿಯಲ್ಲಿ ಫೋನನ್ನು ಮೇಜಿನ ಮೇಲಿಟ್ಟು, ದನಿ ಚಾಲೂ ಮಾಡಿ, ಆ ಬುಧವಾರದ ಪ್ರಕಟಣೆಯನ್ನು ಗಟ್ಟಿಯಾಗಿ ಓದಿಸಿದಳು. ಎ, ಡಿ, ಪರ್ಸೆಂಟ್ ಎಂದು ಶುರುವಾದಾಗ ಬಾಗಿಲಲ್ಲಿ ನಿಂತಿದ್ದವರು ಯಾರೋ ನಕ್ಕರು. ನೈನ್ ಎಂದಾಗ ನಗು ನಿಂತಿತು. ಟೂ ಎಂದಾಗ ಮಂಜುನಾಥ ತಲೆ ತಗ್ಗಿಸಿ ಕೀಬೋರ್ಡ್ ನೋಡುತ್ತಿದ್ದ.

ಮೇಡಂ ಆಗಲೇ ವೆಬ್‌ಸೈಟ್ ಮಾಡಿದವರಿಗೆ ಫೋನ್ ಹಚ್ಚಿದರು. ವಿಷಯ ಇಷ್ಟೇ ಇತ್ತು. ಮಂಜುನಾಥ ಬಳಸುತ್ತಿದ್ದುದು ಹಳೆಯ ಕಾಲದ ಕನ್ನಡ ಅಕ್ಷರಶೈಲಿ. ಕಚೇರಿಗಳಲ್ಲಿ ಎಲ್ಲರ ಬೆರಳೂ ಅದರಲ್ಲೇ ಪಳಗಿದೆ. ಅದರಲ್ಲಿ ಹೊರಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಅಂಗಿ ತೊಡಿಸಿದ ಹಾಗೆ. ಕಣ್ಣಿರುವವರು ಅಂಗಿಯನ್ನು ಓದುತ್ತೇವೆ, ಫೋನು ಒಳಗಿರುವುದನ್ನು ಓದುತ್ತದೆ. ಹೊಸ ಬಗೆಯದರಲ್ಲಿ ಟೈಪ್ ಮಾಡಿದರೆ ಒಳಗೂ ಕನ್ನಡವೇ ಇರುತ್ತದೆ. ಗಿರಿಜಾಳ ಫೋನು ಒಂದು ದಿನವೂ ಕೆಟ್ಟಿರಲಿಲ್ಲ.

ಮಂಜುನಾಥ, ಹೊಸದರಲ್ಲಿ ಒತ್ತು ಎಲ್ಲೆಲ್ಲೋ ಹೋಗ್ತವೆ ಮೇಡಂ, ತಾಲ್ಲೂಕಿನವರು ವಾಪಸ್ ಕಳಿಸ್ತಾರೆ ಎಂದು ಮೆಲ್ಲಗೆ ಹೇಳಿದ. ಅವನ ಕಷ್ಟವೂ ಸುಳ್ಳಲ್ಲ. ಕಾಗದಕ್ಕೆ ಹಳೆಯದು ಇರಲಿ, ಜನರ ಫೋನಿಗೆ ಹೊಸದು ಎಂದು ಮೇಡಂ ತೀರ್ಮಾನ ಮಾಡಿದರು. ಮತ್ತೆ ಇನ್ನೊಂದು ಹೇಳಿದರು. ಇನ್ನು ಮುಂದೆ ಯಾವ ಪ್ರಕಟಣೆಯಾದರೂ ಮೊದಲು ಗಿರಿಜಮ್ಮನವರ ಫೋನಿಗೆ ಹೋಗಬೇಕು, ಅವರು ಕೇಳಿಸಿತು ಎಂದ ಮೇಲೆ ಊರಿಗೆ. ಮೈಕಿನ ಆಟೋ ಕೂಡ ಮಳೆ ಮುಗಿಯುವವರೆಗೆ ಓಡಾಡಲಿ.

ಆದರೆ ಗಿರಿಜಾ ಆ ಊರಿನಲ್ಲಿ ಇರಲೇ ಇಲ್ಲವಲ್ಲ. ಅಂದು ಮನೆಗೆ ಬಂದ ಮೇಲೆ, ಊಟ ಬಡಿಸುತ್ತಿದ್ದಾಗ, ಅವಳು ಮೊದಲ ಸಲ ಎದುರುಮಾತಿಗೆ ಬಾಯಿ ತೆರೆದಳು.

"ಅಣ್ಣ, ನೀರು ಬಂದಿದ್ದು ಬೀದಿಯ ಎಲ್ಲರ ಮನೆಗೂ. ಎಲ್ಲರೂ ಕೆಸರು ತೊಳ್ಕೊಂಡು ವಾಪಸ್ ಹೋಗಿದಾರೆ. ನಾನೊಬ್ಬಳೇ ಯಾಕೆ ಇಲ್ಲಿದೀನಿ?"

ಇವರು ತುತ್ತು ಕೈಯಲ್ಲೇ ಹಿಡಿದು ಕೂತರು. ಆ ಫೋನು ಸರಿಯಾಗಿ ಓದೋದನ್ನ ನನ್ನ ಕಿವಿಯಾರೆ ಕೇಳಬೇಕು, ಆಮೇಲೆ ನೋಡೋಣ ಎಂದರು. ಅಷ್ಟು ಬಿಟ್ಟುಕೊಟ್ಟಿದ್ದೇ ಹೆಚ್ಚು.

ಆಮೇಲೆ ಕೆಲವು ದಿನ ಏನೂ ಬರಲಿಲ್ಲ. ಮಂಜುನಾಥ ಕಲಿಯುತ್ತಿದ್ದನೋ, ಮರೆತನೋ. ಫೋನು ಮಾಡಿ ಕೇಳಲು ನನಗೆ ಸಂಕೋಚ. ಗಿರಿಜಾ ಫೋನಿನ ದನಿಯನ್ನು ಮತ್ತೆ ಆರಿಸಿರಲಿಲ್ಲ, ಅದು ಚಾರ್ಜ್ ಎಷ್ಟಿದೆ ಎಂದು ಹೇಳಿದರೂ ನಾನು ಬೆಚ್ಚಿಬೀಳುತ್ತಿದ್ದೆ. ಒಂದು ಬೆಳಿಗ್ಗೆ ನಾವು ಮೂವರೂ ಕಾಫಿ ಕುಡಿಯುತ್ತಿದ್ದಾಗ ಬಂತು. ಗಿರಿಜಾ ಬೆರಳು ಸರಿಸಿದಳು. ಫೋನು ನಿಧಾನವಾಗಿ, ಸ್ವಚ್ಛ ಕನ್ನಡದಲ್ಲಿ ಓದಿತು.

"ಪ್ರಕಟಣೆ. ಇದು ಪರೀಕ್ಷೆಗಾಗಿ. ಗಿರಿಜಮ್ಮನವರೇ, ನಿಮ್ಮ ಬೀದಿಯ ಕೆಸರು ತೆಗೆಸಿದ್ದೇವೆ. ನಿಮ್ಮ ಮನೆಯ ಹಿಂದಿನ ಗೋಡೆ ನಾನು ಹತ್ತುವಾಗ ಎರಡು ಇಟ್ಟಿಗೆ ಬಿದ್ದಿದ್ದವು, ಅವನ್ನೂ ಇಟ್ಟಿದ್ದೇನೆ. ಕೇಳಿಸಿದರೆ ತಿಳಿಸುವುದು. ಇಂತಿ ಮಂಜುನಾಥ."

ನಾವು ಲೋಟ ಕೆಳಗಿಡುವ ಮೊದಲೇ ಹಸೀನಾಳ ಫೋನು. ಪಾಪ, ಮಂಜುನಾಥ ಅದನ್ನು ಗಿರಿಜಾಳೊಬ್ಬಳಿಗೆ ಕಳಿಸುವ ಬದಲು ಇಡೀ ಊರಿನ ಆ್ಯಪಿಗೇ ಹಾಕಿಬಿಟ್ಟಿದ್ದ. ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಓದಿದ್ದಾರಂತೆ. "ಊರಿಗೆಲ್ಲ ಗೊತ್ತಾಗೋಯ್ತು ಗಿರಿಜಕ್ಕ, ಗೋಡೆ ರೆಡಿ ಐತೆ ಅಂತ. ಇನ್ನು ಬರ್ದೇ ಇದ್ರೆ ಮಂಜಣ್ಣನ ಮರ್ಯಾದೆ ಹೋಗ್ತದೆ" ಎಂದು ಹಸೀನಾ ಕೂಗುವುದು ನಮಗೆಲ್ಲರಿಗೂ ಸ್ಪೀಕರ್ ಇಲ್ಲದೆಯೇ ಕೇಳುತ್ತಿತ್ತು. ಇವರು ಎದ್ದು ಒಳಗೆ ಹೋಗಿ ಬೀಗದಕೈ ತಂದು ತಂಗಿಯ ಅಂಗೈಯಲ್ಲಿಟ್ಟರು.

ಅವಳನ್ನು ಬಿಡಲು ನಾನು ಹೋದೆ. ಗೋಡೆಗಳ ಮೇಲೆ ನೀರು ನಿಂತ ಗುರುತು ಇತ್ತು, ಸುಣ್ಣ ಅಲ್ಲಲ್ಲಿ ಉಬ್ಬಿತ್ತು. ಗಿರಿಜಾ ಒಂದೊಂದು ಡಬ್ಬವನ್ನೂ ಮುಟ್ಟಿ, ಮುಚ್ಚಳ ತೆಗೆದು, ಮೂಸಿ, ಇಡುವ ಜಾಗದಲ್ಲಿ ಇಡುತ್ತಾ ಬಂದಳು. ನಾನು ಅಕ್ಕಿ ತೊಳೆದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಮತ್ತೆ ಒಳಗೆ ತಂದೆ. ಮಾಡುವುದೆಲ್ಲ ಮುಗಿದರೂ ಹೊರಡಲು ಮನಸ್ಸು ಬರಲಿಲ್ಲ. ಇವತ್ತೊಂದು ದಿನ ಇದ್ದುಬಿಡಲೇ ಎಂದು ಎರಡು ಸಲ ಕೇಳಿದೆ. ಅವಳು ತನ್ನ ಪಾಡಿಗೆ ಬೀಜ ಆರಿಸುತ್ತಿದ್ದಳು. ಆಗ ಅವಳ ಮಡಿಲಿನ ಫೋನು ಏನೋ ಓದಿತು. ನಾನು ಒಳಗಿದ್ದೆ, ನನಗೆ ಸರಿಯಾಗಿ ಕೇಳಿಸಲಿಲ್ಲ.

"ಅತ್ತಿಗೆ, ಕೋಡಿ ಹತ್ರ ಮತ್ತೆ ನೀರು ಏರ್ತಾ ಇದೆಯಂತೆ. ನಾಲ್ಕು ಗಂಟೆ ಮೇಲೆ ಮಧುಗಿರಿ ಬಸ್ಸು ಬಿಡೋಲ್ಲವಂತೆ" ಎಂದಳು. "ನಮ್ಮ ಬೀದಿಗೇನೂ ಇಲ್ಲ. ನೀವು ಹೊರಡಿ."

ನಾನು ಗಡಿಯಾರ ನೋಡಿ ಬ್ಯಾಗು ಹುಡುಕತೊಡಗಿದೆ. ಕೊಡೆ ಎಲ್ಲಿಟ್ಟೆನೋ ನೆನಪಾಗುತ್ತಿರಲಿಲ್ಲ. ಬಾಗಿಲ ಹಿಂದಿದೆ ಎಂದು ಅವಳೇ ಹೇಳಿದಳು, ಮನೆ ತಲುಪಿದ ಮೇಲೆ ಒಂದು ಫೋನ್ ಮಾಡಿ, ಇಲ್ಲದಿದ್ದರೆ ನನಗೆ ಯೋಚನೆಯಾಗುತ್ತೆ ಎಂದಳು.